ಬೀದಿಯ ಕೂಸು, ಕೋಣೆಯ ಕೂಸು

ಬೀದಿ ಕೂಸು ಬೆಳೆಯಿತು, ಕೋಣೆ ಕೂಸು ಕೊಳೆಯಿತು ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡದ ಮನೆಗಳಲ್ಲಿ ವಿರಳ. ಶೀತವಾದೀತು, ದೃಷ್ಟಿ ತಾಕೀತು ಎಂದು ಚೊಚ್ಚಲ ಮಗುವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುವ ಎಳೆಯ ತಾಯಿಗೆ ಮನೆಯ ಹಿರಿಯ ಹೆಂಗಸು ಹೇಳುತ್ತಿದ್ದ ಮಾತು ಅದು. ಶಿಶುಪೋಷಣೆಯನ್ನು ಕುರಿತು ಇದಕ್ಕಿಂತ ಸಂಕ್ಷೇಪವಾದ ಸೂತ್ರವನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕಿದರೂ ದೊರೆಯುವುದು ಕಷ್ಟ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ದಕ್ಷಿಣಭಾಗದ ವಿದ್ಯಾವಂತರು ಈ ಸೂತ್ರವನ್ನು ಬದಿಗೊತ್ತಿ ಹೊಸದೊಂದನ್ನು ರಚಿಸಿಕೊಂಡಿದ್ದಾರೆ. ಕೋಣೆಯೇ ಸಾಕಷ್ಟು ದೊಡ್ಡದಾಗಿದ್ದು, ಅದರೊಳಗೆ ಉಯ್ಯಾಲೆ, ಜಾರುಬಂಡೆ, ಈಜುಕೊಳಗಳಿದ್ದು, ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಕಾವಲುಗಾರನಿದ್ದರೆ ಬೀದಿಯ ಅಗತ್ಯವೇ ಇಲ್ಲವೆಂಬುದು ಆ ಹೊಸ ಸೂತ್ರ.

ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಇಕ್ಕೆಲಗಳಲ್ಲಿ ಎದ್ದಿರುವ ಎತ್ತರದ ಫಲಕಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ನಗುವ ತಂದೆತಾಯಿಗಳು, ಬಲೂನು ಹಿಡಿದ ಮಗು, ಹಿನ್ನೆಲೆಯಲ್ಲಿ ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡ. ಕೆಳಗೆ, ಮಕ್ಕಳನ್ನು ಬೆಳೆಸುವುದಕ್ಕೆ ಹೇಳಿ ಮಾಡಿಸಿದ ವಸತಿ ಎಂಬರ್ಥದ ಒಂದು ವಾಕ್ಯ. ಜಯನಗರದಲ್ಲಿ ಹುಟ್ಟಿ, ಜೆ.ಪಿ. ನಗರದಲ್ಲಿ ಓದಿ, ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿದ್ದು ಮದುವೆಯಾದ ದಂಪತಿಗಳು ಮಗು ನಡೆಯಲು ಕಲಿತ ಕೂಡಲೆ ಇಂಥ ಕಡೆಗೆ ಹೊರಡುತ್ತಾರೆ. ಹೊರಡದೆ ಉಳಿದವರು ಇರುವ ಮನೆಯನ್ನೇ ಆ ಮಾದರಿಗೆ ತಿದ್ದಿಕೊಳ್ಳುತ್ತಾರೆ: ಗೋಡೆ ಎತ್ತರವಾಗುತ್ತದೆ, ಜಗಲಿ ಮಾಯವಾಗುತ್ತದೆ, ಗೇಟಿಗೆ ತಗಡು ಬರುತ್ತದೆ. ಜಿಲ್ಲೆಯ ಮನೆಗಳಿಗೂ ಇದು ದೂರದ ಸಮಾಚಾರವಲ್ಲ. ಮಗನ ಮನೆಯಲ್ಲಿ ಮೂರು ತಿಂಗಳು, ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಮೊಮ್ಮಕ್ಕಳನ್ನು ನೋಡಿಕೊಂಡು ಹಿಂದಿರುಗುವ ಹಿರಿಯರು ಅಲ್ಲಿನ ಏರ್ಪಾಡುಗಳನ್ನು ಬಣ್ಣಿಸುತ್ತಾರೆ. ಕೇಳಿದವರು ತಮ್ಮ ಊರಿನ ಹೊಸ ಬಡಾವಣೆಗೂ ಅಂಥದೇ ಗೋಡೆ ಬೇಕೆನ್ನುತ್ತಾರೆ. ಮಗುವಿಗೆ ಒಳ್ಳೆಯ ನೆರೆಹೊರೆ ಎಂದರೇನೆಂಬ ವಿಚಾರದಲ್ಲಿಯೇ ಇಲ್ಲಿ ಭ್ರಾಂತಿಯುಂಟಾಗಿದೆ.

ಪ್ರತಿಪಾದಿಸತಕ್ಕ ವಿಷಯ ಇಷ್ಟೆ. ಮಗು ಯಾರ ಕೈಯನ್ನೂ ಹಿಡಿಯದೆ ಎಷ್ಟು ದೂರ ಹೋಗಿಬರಬಲ್ಲುದೋ ಅಷ್ಟೇ ಆ ನೆರೆಹೊರೆಯ ಯೋಗ್ಯತೆ. ಉಯ್ಯಾಲೆಗಳ ಸಂಖ್ಯೆಯಾಗಲಿ ಗೋಡೆಯ ಎತ್ತರವಾಗಲಿ ಈ ವಿಷಯದಲ್ಲಿ ಪ್ರಮಾಣವಾಗಲಾರದು. ಈ ಅಳತೆಗೋಲಿನಿಂದ ಅಳೆದರೆ, ಮಕ್ಕಳ ಹೆಸರಿನಲ್ಲಿ ಮಾರಾಟವಾಗುತ್ತಿರುವ ಹೊಸ ವಸತಿಗಳು ಮಕ್ಕಳಿಗೆ ಹಿತವಾದುವಲ್ಲ. ಹಿತವಾಗಿದ್ದ ಹಳೆಯ ಬಡಾವಣೆಯನ್ನು ಕೆಡಿಸಿದವರೂ ಹೊರಗಿನಿಂದ ಬಂದ ಶತ್ರುಗಳಲ್ಲ, ಅಲ್ಲಿಯೇ ವಾಸವಾಗಿರುವ ಸುಶಿಕ್ಷಿತರು.

ಜಯನಗರ ಹುಟ್ಟಿದುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ನೆನೆಯತಕ್ಕದ್ದು. 1898ರ ಪ್ಲೇಗಿನ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರತರುವುದಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳು ಏರ್ಪಟ್ಟುವಷ್ಟೆ. ಗಾಳಿ, ಬೆಳಕು, ಅಗಲವಾದ ರಸ್ತೆ, ಮನೆಯ ಸುತ್ತ ಒಂದಿಷ್ಟು ಬಯಲು, ಇವು ಆರೋಗ್ಯಕ್ಕೆ ಬೇಕೆಂಬ ಅರಿವು ಆಗ ಬಂತು. 1945ರಲ್ಲಿ ಸಿ.ಐ.ಟಿ.ಬಿ. ಎಂದು ಜನ ಕರೆಯುತ್ತಿದ್ದ ನಗರಾಭಿವೃದ್ಧಿ ಮಂಡಳಿ ಏರ್ಪಟ್ಟಿತು. 1948ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರಿಂದ ಜಯನಗರದ ಶಂಕುಸ್ಥಾಪನೆಯಾಯಿತು; ಅದರ ಹೊಸ್ತಿಲಲ್ಲಿ ನಿಂತಿರುವ ಅಶೋಕಸ್ತಂಭ ಆ ಕಾಲದ ಗುರುತು. ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಮೈನು ಕ್ರಾಸುಗಳಿಗೆ ಸಂಖ್ಯೆ ಕೊಟ್ಟು, ಪಾರ್ಕು, ಆಟದ ಬಯಲು, ಶಾಲೆ, ಮಾರುಕಟ್ಟೆಗಳಿಗೆ ಜಾಗ ಬಿಟ್ಟರು. ಬೀದಿಗಳಿಗೆ ಅಂಕಿಯ ಹೊರತು ಹೆಸರಿಲ್ಲವೆಂದು ಹಾಸ್ಯ ಮಾಡಿದವರುಂಟು. ಆದರೆ ಅಂಕಿ ಓದಲು ಬಂದ ಮಗು ಮನೆಯ ದಾರಿಯನ್ನು ತಪ್ಪಲಾರದೆಂಬ ಅನುಕೂಲವೂ ಅದರಲ್ಲಿತ್ತು.

ಇದೇ ಆಲೋಚನೆ ಆ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ನಡೆದಿತ್ತು. ಅಮೆರಿಕದಲ್ಲಿ ಕ್ಲಾರೆನ್ಸ್ ಪೆರಿ ಎಂಬಾತನು 1929ರಲ್ಲಿ ನೆರೆಹೊರೆಯ ಒಂದು ಮಾನವನ್ನು ವಿವರಿಸಿದನು. ಮಧ್ಯದಲ್ಲಿ ಪ್ರಾಥಮಿಕ ಶಾಲೆ, ಅಂಚಿನಲ್ಲಿ ದೊಡ್ಡ ರಸ್ತೆಗಳು. ಮಗು ವಾಹನಸಂಚಾರದ ರಸ್ತೆಯನ್ನು ದಾಟದೆ ನಡೆದು ಶಾಲೆಯನ್ನು ಸೇರತಕ್ಕುದು. ಅಂದರೆ ನಗರವನ್ನು ಅಳೆಯುವ ಗೇಣು ಮಗುವಿನ ಹೆಜ್ಜೆಯಾಗಿತ್ತು. ಜಯನಗರದ ನಕ್ಷೆ ಬರೆದವರ ಮೇಜಿನ ಮೇಲೆ ಯಾವ ಪುಸ್ತಕವಿತ್ತೆಂಬುದು ಮುಖ್ಯವಲ್ಲ. ಒಂದು ತಲೆಮಾರಿನ ಕಾಲ ಅಲ್ಲಿನ ಮಕ್ಕಳು ಹಾಗೆ ನಡೆದರೆಂಬುದು ಮುಖ್ಯ. ನಾಲ್ಕನೆಯ ಬ್ಲಾಕಿನ ಅಂಗಡಿಸಾಲಿಗೆ ಕೊತ್ತಂಬರಿ ಸೊಪ್ಪಿಗೆಂದು ಹೋಗಿ ಚಿಲ್ಲರೆಯನ್ನು ಎಣಿಸಿ ತಂದವರು, ಹೊಂಗೆಯ ನೆರಳಿನಲ್ಲಿ ಮೂವರು ಒಂದೇ ಸೈಕಲ್ಲಿನಲ್ಲಿ ಕಲಿತವರು, ಖಾಲಿ ಸೈಟುಗಳಲ್ಲಿ ಸಂಜೆಯ ಬೆಳಕು ಇಂಗುವವರೆಗೆ ಲಗೋರಿಯಾಡಿ ಬೈಸಿಕೊಂಡವರು ಇಂದು ಐವತ್ತು ಅರುವತ್ತರ ವಯಸ್ಸಿನಲ್ಲಿದ್ದಾರೆ. ವಿಚಿತ್ರವೇನೆಂದರೆ, ಆ ಬಾಲ್ಯವನ್ನು ನೆನೆದು ಕಣ್ಣು ಒದ್ದೆಮಾಡಿಕೊಳ್ಳುವ ಅವರೇ ಮೊಮ್ಮಗನನ್ನು ಗೇಟಿನ ಹೊರಗೆ ಬಿಡಲು ಒಪ್ಪುವುದಿಲ್ಲ.

ಹಳೆಯದೆಲ್ಲ ಚಿನ್ನವೆಂದು ವಾದಿಸುವ ಉದ್ದೇಶ ಇಲ್ಲಿಲ್ಲ. ಜಯನಗರವೆದ್ದುದು ಬರಿಯ ಬಯಲಿನಲ್ಲಿ ಅಲ್ಲ. ಸಿದ್ದಾಪುರ, ಬೈರಸಂದ್ರ, ಕನಕನಪಾಳ್ಯ, ಯಡಿಯೂರುಗಳ ಹೊಲ ತೋಟಗಳ ಮಧ್ಯದಲ್ಲಿ. ಆ ಹಳ್ಳಿಗಳು ಹೊಸ ಬಡಾವಣೆಯ ನಡುನಡುವೆ ಕಿರುಗಲ್ಲಿಗಳಾಗಿ ಉಳಿದುವು. ಬಿ.ಟಿ.ಎಂ. ಎಂಬಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿಹೋದುವು. ಅಲ್ಲಿ ಮನೆ ಮಾಡಿರುವ ಎಷ್ಟೋ ಮಕ್ಕಳಿಗೆ ಆ ಹೆಸರಿನಲ್ಲಿ ಒಂದು ಕೆರೆಯೂ ತಾವರೆಯೂ ಅಡಗಿವೆಯೆಂಬುದು ತಿಳಿಯದು. ಅಗಲ ರಸ್ತೆಯ ಮನೆಯವರು ಗಲ್ಲಿಯ ಮಕ್ಕಳನ್ನು ಎಂದೂ ಸಮಾನವಾಗಿ ಕಂಡವರಲ್ಲ. ಆದರೂ ಪಾರ್ಕಿನ ಬಾಗಿಲು ಎರಡೂ ಕಡೆಯವರಿಗೆ ತೆರೆದಿತ್ತು. ಮೈದಾನದಲ್ಲಿ ಬ್ಯಾಟು ಅಗಲ ರಸ್ತೆಯದು, ಬೌಲಿಂಗು ಗಲ್ಲಿಯದು ಎಂಬ ಒಪ್ಪಂದವಾದರೂ ನಡೆಯುತ್ತಿತ್ತು. ಸಂಬಂಧದಲ್ಲಿ ದೋಷವಿತ್ತು, ನಿಜ. ಆದರೆ ದೋಷವನ್ನು ತಿದ್ದಬಹುದು. ಸಂಬಂಧವೇ ಇಲ್ಲದ ಕಡೆ ತಿದ್ದುವುದೇನನ್ನು?

ಈಗಿನ ಸ್ಥಿತಿಯನ್ನು ನೋಡಬೇಕಾದರೆ ಸಂಜೆ ನಾಲ್ಕೂವರೆಗೆ ಯಾವುದಾದರೂ ಒಂದು ಪಾರ್ಕಿನ ಬಾಗಿಲಲ್ಲಿ ನಿಂತರೆ ಸಾಕು. ಫಲಕ ಬರೆಯುವವನಿಗೆ ಕನ್ನಡದ ನಿಷೇಧಾರ್ಥಕ ಕ್ರಿಯಾಪದಗಳ ಮೇಲೆ ಎಷ್ಟು ಪ್ರೀತಿಯೆಂಬುದು ಅಲ್ಲಿ ಗೊತ್ತಾಗುತ್ತದೆ. ಚೆಂಡಾಟವಾಡಬಾರದು, ಸೈಕಲ್ಲು ತರಬಾರದು, ಹುಲ್ಲಿನ ಮೇಲೆ ಕಾಲಿಡಬಾರದು, ಗಲಾಟೆ ಮಾಡಬಾರದು. ಮಕ್ಕಳಿಗೆಂದು ಮೂಲೆಯಲ್ಲಿ ಬೇಲಿ ಹಾಕಿದ ಒಂದು ತುಂಡು ನೆಲ, ಅದರಲ್ಲಿ ತುಕ್ಕು ಹಿಡಿದ ಒಂದು ಜಾರುಬಂಡೆ. ಉಳಿದ ಮುಕ್ಕಾಲು ಪಾಲೂ ನಡೆಯುವ ಹಾದಿ, ಕಲ್ಲುಬೆಂಚು, ಕತ್ತರಿಸಿದ ಗಿಡಗಳ ಸಾಲು. ಈ ನಿಷೇಧಗಳನ್ನು ಬೇಡಿ ಬರೆಸಿದವರು ಯಾರು? ವಾಯುಸೇವನೆಗೆ ಬರುವ ನಿವೃತ್ತ ಮಹನೀಯರು. ಆರು ಸುತ್ತು ನಡೆಯುವಾಗ ಚೆಂಡು ಕಾಲಿಗೆ ತಾಗೀತೆಂಬ ಭಯ, ಪ್ರಾಣಾಯಾಮದ ಹೊತ್ತಿಗೆ ಮಕ್ಕಳ ಕೂಗು ಕಿವಿಗೆ ಬಿದ್ದೀತೆಂಬ ಬೇಸರ. ವಾನಪ್ರಸ್ಥರು ವನಕ್ಕೆ ಹೋಗತಕ್ಕವರೆಂದು ಶಾಸ್ತ್ರ ಹೇಳಿತು. ಇವರು ಉದ್ಯಾನವನ್ನೇ ವನವೆಂದು ತಿಳಿದು ಅಲ್ಲಿದ್ದ ಬಾಲಕರನ್ನು ಓಡಿಸಿದರು. ವೃದ್ಧರಿಗೆ ಗಾಳಿ ಬೇಡವೆಂದು ಯಾರೂ ಹೇಳುವುದಿಲ್ಲ. ಬೆಳಗಿನ ಜಾವವೆಲ್ಲ ಅವರದೇ. ಸಂಜೆಯ ಎರಡು ಗಂಟೆ ಮಕ್ಕಳದಾದರೆ ಯಾವ ಧರ್ಮ ಕೆಡುತ್ತದೆ?

ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಕಳೆಯುವವರೆಗೆ ಪಾರ್ಕುಗಳಿಗೆ ಬೀಗ ಹಾಕುವ ಪದ್ಧತಿ ಬಹಳ ಕಾಲ ನಡೆಯಿತು. ಶಾಲೆಗೆ ರಜೆಯಿರುವ ದಿನ ಮಗುವಿಗೆ ಆ ಹೊತ್ತಿನಲ್ಲಿಯೇ ಪಾರ್ಕು ಬೇಕಾಗುವುದೆಂಬುದು ಯಾರಿಗೂ ಹೊಳೆಯಲಿಲ್ಲ. 2024ರಲ್ಲಿ ಬೆಳಗಿನ 5 ಗಂಟೆಯಿಂದ ರಾತ್ರಿ 10ರವರೆಗೆ ತೆರೆದಿರತಕ್ಕದ್ದೆಂದು ತೀರ್ಮಾನವಾದುದು ಒಳ್ಳೆಯದೇ ಆಯಿತು. ಬಾಗಿಲು ತೆರೆಯಿತು, ಫಲಕಗಳು ಮಾತ್ರ ಹಾಗೆಯೇ ನಿಂತಿವೆ.

ಪಾರ್ಕು ಹೋದರೆ ಹೋಯಿತು, ಬೀದಿಯಾದರೂ ಇತ್ತಷ್ಟೆ? ಬೀದಿಯ ಕಥೆ ಇನ್ನೂ ಕಷ್ಟದ್ದು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. 40 ಅಡಿ 60 ಅಡಿಯ ಸೈಟಿನಲ್ಲಿ ಒಂದು ಮನೆಯಿದ್ದ ಕಡೆ ನಾಲ್ಕು ಅಂತಸ್ತು ಎದ್ದು, ಮನೆಗೆ ಎರಡೆರಡು ಕಾರುಗಳಾಗಿ, ಅವು ರಾತ್ರಿ ಹಗಲು ಬೀದಿಯ ಎರಡು ಮಗ್ಗುಲಿನಲ್ಲಿ ಮಲಗಿರುತ್ತವೆ. 2007ರಲ್ಲಿ ಅಂಗೀಕೃತವಾದ ನಗರದ ಮಹಾಯೋಜನೆ ವಾಸದ ಬೀದಿಗಳಲ್ಲಿಯೂ ವ್ಯಾಪಾರಕ್ಕೆ ಎಡೆಗೊಟ್ಟಿತು. ಹೋಟೆಲು, ಬಟ್ಟೆಯ ಮಳಿಗೆ, ಕೋಚಿಂಗ್ ತರಗತಿಗಳು ಒಳಬೀದಿಗಳಿಗೆ ಬಂದುವು. ಮನೆಯನ್ನು ಹೆಚ್ಚು ಬಾಡಿಗೆಗೆ ಕೊಟ್ಟವರೇ ಸಭೆಯಲ್ಲಿ ಎದ್ದುನಿಂತು ಬಡಾವಣೆಯ ಶಾಂತಿ ಹಾಳಾಯಿತೆಂದು ದುಃಖಿಸುವುದನ್ನು ಕಂಡವರುಂಟು. ಕಾಲುದಾರಿಯ ಮೇಲೆ ಇಳಿಜಾರು, ಜನರೇಟರು, ಹೂಕುಂಡಗಳ ಬೇಲಿ, ನಡೆಯುವವನು ರಸ್ತೆಗಿಳಿಯಬೇಕು. ಆರು ವರ್ಷದ ಮಗುವಿನ ಕಣ್ಣು ಕಾರಿನ ಮೂತಿಯ ಮಟ್ಟಕ್ಕಿರುತ್ತದೆ. ನಿಂತ ಎರಡು ಕಾರುಗಳ ನಡುವಿನಿಂದ ಅದು ಬೀದಿಗೆ ಇಣುಕುವಾಗ ಬರುತ್ತಿರುವವನಿಗೆ ಅದು ಕಾಣುವುದಿಲ್ಲ, ಅದಕ್ಕೂ ಬರುತ್ತಿರುವವನು ಕಾಣುವುದಿಲ್ಲ.

ಇಲ್ಲಿ ಪೂರ್ವಪಕ್ಷ ಎದ್ದುನಿಲ್ಲುತ್ತದೆ. ಬೀದಿ ಇಷ್ಟು ಅಪಾಯಕರವೆಂದು ಒಪ್ಪಿಕೊಂಡ ಮೇಲೆ ಮಗುವನ್ನು ಬೀದಿಗೆ ಬಿಡಿರೆಂದು ಹೇಳುವುದು ಯಾವ ವಿವೇಕ? ವಾಹನ, ಬೀದಿನಾಯಿ, ತೆರೆದ ಚರಂಡಿ, ದುರ್ಜನರು. ಇವೆಲ್ಲ ಇರುವಾಗ ಗೋಡೆಯೊಳಗೆ ಬೆಳೆಸುವ ತಂದೆತಾಯಿಗಳನ್ನು ದೂಷಿಸುವುದು ಅನ್ಯಾಯವಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗುವನ್ನು ಕಳೆದುಕೊಂಡ ಒಂದು ಮನೆಯ ದುಃಖದ ಮುಂದೆ ಎಲ್ಲ ತರ್ಕವೂ ಮೌನವಾಗತಕ್ಕದ್ದೆ. ಭಯಪಡುವ ತಾಯಿ ತಪ್ಪುಗಾರಳಲ್ಲ; ತಪ್ಪಿರುವುದು ಆ ಭಯಕ್ಕೆ ಅವಳು ಆರಿಸಿಕೊಂಡಿರುವ ಪರಿಹಾರದಲ್ಲಿ.

ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂಬುದೊಂದುಂಟು. ಸುಂಕ ತಪ್ಪಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಬೆಳಗಾದುದು ಸುಂಕದಕಟ್ಟೆಯ ಮುಂದೆಯೇ. ವಾಹನಗಳ ಭಯದಿಂದ ಮಗುವನ್ನು ಕಾರಿನಲ್ಲಿ ಶಾಲೆಗೆ ಕಳುಹಿಸುತ್ತಾರೆ. ಹಾಗೆ ಕಳುಹಿಸುವುದರಿಂದ ಶಾಲೆಯ ಬಾಗಿಲಲ್ಲಿ ವಾಹನಗಳು ತುಂಬುತ್ತವೆ. ಅದನ್ನು ಕಂಡು ನಡೆದು ಬರುತ್ತಿದ್ದ ಮಗುವಿನ ತಂದೆಯೂ ಕಾರು ಕೊಳ್ಳುತ್ತಾನೆ. ಇಕ್ಕಟ್ಟಾಯಿತೆಂದು ನಗರದ ಅಂಚಿಗೆ ಹೋಗಿ ಗೋಡೆಯೊಳಗೆ ಮನೆ ಮಾಡುತ್ತಾರೆ. ಅಲ್ಲಿಂದ ಕಚೇರಿಗೆ, ಶಾಲೆಗೆ, ಸಂಗೀತದ ಪಾಠಕ್ಕೆ, ಅಜ್ಜಿಯ ಮನೆಗೆ ಪ್ರತಿಯೊಂದಕ್ಕೂ ಕಾರೇ ಬೇಕು. ಆ ಕಾರುಗಳೆಲ್ಲ ಹಾದುಹೋಗುವುದು ಬಿಟ್ಟುಬಂದ ಜಯನಗರದ ಬೀದಿಗಳಲ್ಲಿಯೇ. ಬೀದಿಯನ್ನು ಅಪಾಯಕರ ಮಾಡಿದವರೂ ಅಪಾಯವೆಂದು ಓಡಿದವರೂ ಒಬ್ಬರೇ.

ಇನ್ನು ದುರ್ಜನರ ಮಾತು. ಬೀದಿಯ ತಿರುವಿನಲ್ಲಿ ಮರದ ಕೆಳಗೆ ಇಸ್ತ್ರಿಯ ಗಾಡಿ ಇಟ್ಟುಕೊಂಡವನು, ಹೂವು ಮಾರುವಾಕೆ, ತಳ್ಳುಗಾಡಿಯ ತರಕಾರಿಯವನು, ಜಗಲಿಯಲ್ಲಿ ಕುಳಿತು ಪೇಪರು ಓದುವ ಅಜ್ಜ, ಇವರೇ ಬೀದಿಯ ಕಣ್ಣುಗಳು. ಯಾವ ಮಗು ಯಾವ ಮನೆಯದೆಂಬುದು ಅವರಿಗೆ ಗೊತ್ತಿತ್ತು. ಹೊತ್ತು ಮೀರಿ ತಿರುಗಿದರೆ ಗದರಿಸಿ ಮನೆಗೆ ಅಟ್ಟುವ ಅಧಿಕಾರವನ್ನು ಯಾರೂ ಕೊಡದೆ ಅವರೇ ತೆಗೆದುಕೊಂಡಿದ್ದರು. ಜಗಲಿಯನ್ನು ಕೆಡವಿ, ಗೇಟಿಗೆ ತಗಡು ಹೊಡೆದು, ಗಾಡಿಯವನನ್ನು ಅಂದಗೆಡಿಸುತ್ತಾನೆಂದು ಎಬ್ಬಿಸಿ, ಕೊನೆಗೆ ಅವರೆಲ್ಲರ ಬದಲಿಗೆ ಒಂದು ಕ್ಯಾಮರಾವನ್ನು ಕಂಬಕ್ಕೆ ಕಟ್ಟಿದ್ದಾರೆ. ಕ್ಯಾಮರಾ ನೋಡುತ್ತದೆ, ಬಿದ್ದ ಮಗುವನ್ನು ಎತ್ತಿ ಮಂಡಿ ತೊಳೆಯುವುದಿಲ್ಲ. ಹಿಂದಿನ ಮೈಸೂರು ಸೀಮೆಯಲ್ಲಿ ವಾರಾನ್ನದ ಪದ್ಧತಿಯಿತ್ತು: ಹಳ್ಳಿಯಿಂದ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿದ್ದನು. ಅದು ಜಾತಿಯ ಎಲ್ಲೆಯನ್ನು ದಾಟಲಿಲ್ಲವೆಂಬ ಕಳಂಕ ಅದಕ್ಕುಂಟು, ಅದನ್ನು ಮುಚ್ಚಬೇಕಾದುದಿಲ್ಲ. ಆದರೆ ಪರರ ಮಗುವೂ ತನ್ನ ಪಂಕ್ತಿಯಲ್ಲಿ ಕೂರತಕ್ಕದ್ದೆಂಬ ಅಭ್ಯಾಸ ಅದರಿಂದ ಮನೆಗಳಿಗೆ ಬಂದಿತ್ತು. ಎಲ್ಲೆಯನ್ನು ಅಳಿಸಿ ಅಭ್ಯಾಸವನ್ನು ಉಳಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಅಭ್ಯಾಸವನ್ನು ಅಳಿಸಿ ಎಲ್ಲೆಗೆ ಗಾರೆ ಮಾಡಿದ್ದಾರೆ.

ಗಾರೆ ಮಾಡಿದ ಆ ಎಲ್ಲೆಯ ಒಳಗೆ ಏನಿದೆಯೆಂಬುದನ್ನೂ ನೋಡೋಣವೆಂದರೆ ಮೊದಲು ಗೇಟಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಳಗೆ ಎಲ್ಲವೂ ಸೊಗಸಾಗಿದೆ. ಐದು ಗಂಟೆಗೆ ಸ್ಕೇಟಿಂಗು, ಆರಕ್ಕೆ ಟೆನಿಸ್ಸು, ಏಳಕ್ಕೆ ಚದುರಂಗ. ಪ್ರತಿಯೊಂದಕ್ಕೂ ಒಬ್ಬ ಶಿಕ್ಷಕ, ಒಂದು ಶುಲ್ಕ. ಮಗುವಿನ ಗೆಳೆಯರೆಲ್ಲ ಹೆಚ್ಚು ಕಡಮೆ ಒಂದೇ ವರಮಾನದ, ಒಂದೇ ಬಗೆಯ ಉದ್ಯೋಗದ ಮನೆಗಳವರು. ಬೆಳಗ್ಗೆ ಪಾತ್ರೆ ತೊಳೆಯಲು ಬರುವಾಕೆಯ ಮಗಳು ರಜೆಯ ದಿನ ತಾಯಿಯೊಡನೆ ಬಂದರೆ ಉಯ್ಯಾಲೆಯ ಬಳಿ ಹೋಗುವಂತಿಲ್ಲ. ಕೆಲವು ಕಟ್ಟಡಗಳಲ್ಲಿ ಆ ತಾಯಿಗೆ ಲಿಫ್ಟು ಕೂಡ ಬೇರೆ. ಅದನ್ನು ಮಗು ದಿನವೂ ನೋಡುತ್ತದೆ. ಯಾರೂ ಪಾಠ ಹೇಳದಿದ್ದರೂ ಕಲಿಯುತ್ತದೆ.

ಲೋಕದಲ್ಲಿ ಇಂಥ ವಸತಿಯನ್ನು ಮೊದಲು ಕಟ್ಟಿಸಿದವನು ಶುದ್ಧೋದನ ಮಹಾರಾಜನೆನ್ನಬಹುದು. ಮಗನ ಕಣ್ಣಿಗೆ ಮುಪ್ಪು, ರೋಗ, ಸಾವುಗಳು ಬೀಳದಂತೆ ಋತುವಿಗೊಂದರಂತೆ ಅರಮನೆಗಳನ್ನು ಕಟ್ಟಿಸಿ, ಉದ್ಯಾನಗಳನ್ನು ಮಾಡಿಸಿ, ಕಾವಲಿಟ್ಟನು. ಪಿತೃವಾತ್ಸಲ್ಯದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಆ ರಾಜಕುಮಾರನು ಕಲಿತುದೆಲ್ಲವೂ ಗೋಡೆಯ ಹೊರಗೆ ರಥ ಹೊರಟ ಮೇಲೆಯೇ. ಕಂಡ ಒಬ್ಬ ಮುದುಕ, ಒಬ್ಬ ರೋಗಿ, ಒಂದು ಹೆಣ, ಒಬ್ಬ ಸನ್ಯಾಸಿ. ಬೀದಿಯಲ್ಲಿ ನಾಲ್ಕು ಪಾಠ. ಪೌರಾಣಿಕ ದೃಷ್ಟಾಂತವೇ ಬೇಕಾದರೆ ಗೋಕುಲ ಹತ್ತಿರದಲ್ಲಿಯೇ ಇದೆ. ಯಶೋದೆಯ ಮಗನು ಬೆಳೆದುದು ಊರಿನ ಎಲ್ಲ ಹಿತ್ತಲುಗಳಲ್ಲಿ. ದೂರು ಹೊತ್ತು ಬರುತ್ತಿದ್ದ ಗೋಪಿಯರೇ ಅವನ ಪಾಲಕರು. ಕೃಷ್ಣನು ಇಂದಿನ ಹದಿನಾಲ್ಕನೆಯ ಅಂತಸ್ತಿನಲ್ಲಿ ಹುಟ್ಟಿದ್ದರೆ ನೆರೆಮನೆಯ ಬೆಣ್ಣೆಯ ವಿಷಯ ನಿವಾಸಿಗಳ ಸಂಘದ ಮುಂದೆ ಬಂದು ಯಶೋದೆಗೆ ದಂಡ ಬೀಳುತ್ತಿತ್ತು.

ಆಟವೆಂದರೆ ಕೈಕಾಲುಗಳ ವ್ಯಾಯಾಮವಷ್ಟೆ ಎಂದು ತಿಳಿದವರಿಗೆ ಶಿಕ್ಷಕನಿಟ್ಟು ಆಡಿಸುವ ಆಟಕ್ಕೂ ಬೀದಿಯ ಆಟಕ್ಕೂ ಭೇದ ಕಾಣುವುದಿಲ್ಲ. ಲಗೋರಿಯಲ್ಲಿ ಚೆಂಡು ಮೈಗೆ ತಗುಲಿತೋ ಬರಿಯ ಅಂಗಿಗೆ ತಗುಲಿತೋ ಎಂಬ ವಿವಾದ ಹುಟ್ಟಿದಾಗ ಸಾಕ್ಷಿ ಯಾರು, ತೀರ್ಪು ಯಾರದು, ತೀರ್ಪನ್ನು ಒಪ್ಪದವನನ್ನು ಏನು ಮಾಡತಕ್ಕದ್ದು, ಇವನ್ನೆಲ್ಲ ಹತ್ತು ವರ್ಷದ ಹುಡುಗ ಹುಡುಗಿಯರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ನ್ಯಾಯಶಾಸ್ತ್ರದ ವಾದ, ಜಲ್ಪ, ವಿತಂಡಗಳೆಂಬ ಮೂರು ಬಗೆಯ ಚರ್ಚೆಗಳಿಗೂ ಅಲ್ಲಿ ಧಾರಾಳವಾಗಿ ಉದಾಹರಣೆ ದೊರೆಯುವುದು. ಗೋಡೆ ದಾಟಿಸಿ ಹೊಡೆದರೆ ಔಟು ಎಂಬ ನಿಯಮವನ್ನು ಯಾವ ಕ್ರಿಕೆಟ್ ಮಂಡಳಿಯೂ ಮಾಡಲಿಲ್ಲ. ನೆರೆಮನೆಯ ಕಿಟಕಿಯ ಗಾಜನ್ನು ಕುರಿತು ಮಕ್ಕಳೇ ಮಾಡಿದ ಶಾಸನ ಅದು. ಎಲ್ಲಕ್ಕಿಂತಲೂ ಸೊಗಸಾದುದು ಇನ್ನೊಂದು. ಅಕ್ಕನ ಲಂಗ ಹಿಡಿದು ಬಂದ ಮೂರು ವರ್ಷದ ಕೂಸನ್ನು ಬಿಟ್ಟು ಆಡಿದರೆ ಅಳುತ್ತದೆ. ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕಾಗಿ ಕನ್ನಡದ ಮಕ್ಕಳು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಸ್ಥಾನವನ್ನು ಸೃಷ್ಟಿಸಿದರು. ದುರ್ಬಲನನ್ನು ಹೊರಗಿಡದೆ, ಬಲವಂತನ ಆಟವನ್ನೂ ಕೆಡಿಸದೆ ಎಲ್ಲರನ್ನೂ ಒಳಗೊಳ್ಳುವ ಇಂಥ ಉಪಾಯ ದೊಡ್ಡವರ ಕಾನೂನುಗಳಲ್ಲಿ ಎಷ್ಟಿವೆ? ಈಗ ಮಾತು ತಿರುಗುಮುರುಗಾಗಿದೆ. ಜಾಹೀರಾತಿನಲ್ಲಿ ಮಗುವಿದೆ, ಮನೆ ಮಾರುವವರ ವಿವರಪಟ್ಟಿಯಲ್ಲಿದೆ, ಶಾಲೆಯ ಶುಲ್ಕದ ರಶೀದಿಯಲ್ಲಿದೆ. ಲೆಕ್ಕಕ್ಕೆಲ್ಲ ಉಂಟು, ಆಟಕ್ಕೆ ಇಲ್ಲ.

ಕಣ್ಣಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಹೊರಗಿನ ಬೆಳಕಿನಲ್ಲಿ ಹೆಚ್ಚು ಕಾಲ ಕಳೆಯುವ ಮಕ್ಕಳಲ್ಲಿ ದೂರದ ವಸ್ತು ಮಸುಕಾಗಿ ಕಾಣುವ ದೋಷ ಕಡಮೆಯೆಂದು ನೇತ್ರವೈದ್ಯರು ಕಂಡುಕೊಂಡಿದ್ದಾರೆ. ತೈವಾನಿನವರು 2010ರಿಂದ ಶಾಲೆಯ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂದು ಏರ್ಪಾಡು ಮಾಡಿದರು. ಬೆಂಗಳೂರಿನ ಮಗುವಿಗೆ ಆ ನಿಮಿಷಗಳು ಶಾಲಾಬಸ್ಸಿನ ಕಿಟಕಿಯಲ್ಲಿ ಕಳೆಯುತ್ತವೆ. ಮನೆಯಿಂದ ಕೂಗಳತೆಯಲ್ಲಿ ಶಾಲೆಯಿದ್ದರೂ ಹತ್ತಾರು ಮೈಲಿ ದೂರದ, ಹೆಸರಿನಲ್ಲಿ ಅಂತರರಾಷ್ಟ್ರೀಯವೆಂದಿರುವ ಶಾಲೆಯೇ ಬೇಕೆಂಬ ಹಟಕ್ಕೆ ತೆರುವ ಸುಂಕ ಅದು. ಮಧ್ಯಾಹ್ನ ನಾಲ್ಕಕ್ಕೆ ಬಸ್ಸಿನಿಂದ ಇಳಿಯುವ ಆ ಮಗುವಿಗೆ ನೆರೆಬೀದಿಯಲ್ಲಿ ಒಬ್ಬ ಸಹಪಾಠಿಯೂ ಇರುವುದಿಲ್ಲ.

ಕಾಲ ಬದಲಾಯಿತು, ಏನು ಮಾಡಲಾದೀತು ಎನ್ನುವವರಿಗೆ ಹಾಲೆಂಡಿನ ಉದಾಹರಣೆ ಸಾಕು. ಅಲ್ಲಿಯೂ ಯುದ್ಧಾನಂತರ ಕಾರುಗಳು ತುಂಬಿದುವು. ವರ್ಷವರ್ಷವೂ ನೂರಾರು ಮಕ್ಕಳು ರಸ್ತೆಯಲ್ಲಿ ಸತ್ತರು. 1970ರ ದಶಕದಲ್ಲಿ ತಂದೆತಾಯಿಗಳು ಇದನ್ನು ಶಿಶುಹತ್ಯೆಯೆಂದೇ ಕರೆದು ಬೀದಿಗಿಳಿದರು. ಡೆಲ್ಫ್ಟ್ ನಗರದಲ್ಲಿ ವಾಸದ ಬೀದಿಗಳ ಅಂಚನ್ನು ತೆಗೆದು, ಗಿಡ ಬೆಂಚುಗಳನ್ನಿಟ್ಟು, ವಾಹನವು ನಡೆಯುವವನ ವೇಗದಲ್ಲಿಯೇ ಸಾಗಬೇಕೆಂದು ಮಾಡಿದರು. 1976ರಲ್ಲಿ ಅದು ದೇಶದ ಕಾನೂನಾಯಿತು. ಅಂಥ ಬೀದಿಯಲ್ಲಿ ಕಾರು ಅತಿಥಿ, ಮಗು ಯಜಮಾನ. ಜಪಾನಿನಲ್ಲಿ ಇಂದಿಗೂ ಮೊದಲನೆಯ ತರಗತಿಯ ಮಕ್ಕಳು ನೆರೆಹೊರೆಯ ಶಾಲೆಗೆ ಗುಂಪುಕಟ್ಟಿ ನಡೆದು ಹೋಗುತ್ತಾರೆ. ಆ ಜನರಿಗೆ ಮಕ್ಕಳ ಮೇಲೆ ಪ್ರೀತಿ ಕಡಮೆಯೆಂದು ಹೇಳುವ ಧೈರ್ಯ ಯಾರಿಗುಂಟು?

ಇಲ್ಲಿಯೂ ಕಾನೂನಿಗೆ ಬರಗಾಲವಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮದಂತೆ ಬಡಾವಣೆಯ ವಿಸ್ತೀರ್ಣದಲ್ಲಿ ನೂರಕ್ಕೆ 15ಕ್ಕೆ ಕಡಮೆಯಿಲ್ಲದ ಭಾಗ ಉದ್ಯಾನ ಮತ್ತು ಆಟದ ಬಯಲುಗಳಿಗೆ, ಮತ್ತೆ ನೂರಕ್ಕೆ 10 ಭಾಗ ನಾಗರಿಕ ಸೌಕರ್ಯಗಳಿಗೆ ಮೀಸಲು. ಉದ್ಯಾನ, ಕ್ರೀಡಾಂಗಣ, ತೆರೆದ ಬಯಲುಗಳ ರಕ್ಷಣೆಗಾಗಿಯೇ 1985ರಲ್ಲಿ ರಾಜ್ಯದ ಬೇರೊಂದು ಕಾನೂನಾಯಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆಯನ್ನು ಅಸಿಂಧುವೆಂದು ಎತ್ತಿಹಿಡಿದು, ಮಕ್ಕಳ ಆಟದ ಬಯಲು ಸಾರ್ವಜನಿಕರ ದೊಡ್ಡ ಕಾಳಜಿಯ ವಿಷಯವೆಂದು ಸಾರಿತು. ಆಟವು ಮಗುವಿನ ಹಕ್ಕೆಂದು ಹೇಳುವ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಒಪ್ಪಿತು. ಜಾಗವನ್ನು ಉಳಿಸುವುದಕ್ಕೆ ಇಷ್ಟೆಲ್ಲ ಆಯಿತು. ಉಳಿದ ಜಾಗದಲ್ಲಿ ಚೆಂಡು ಎಸೆಯಬಹುದೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡತಕ್ಕವರು ನ್ಯಾಯಮೂರ್ತಿಗಳಲ್ಲ, ನೆರೆಹೊರೆಯವರು.

ಸುಶಿಕ್ಷಿತ ನಿವಾಸಿಗಳಿಗೆ ಶಕ್ತಿಯಿಲ್ಲವೆಂದೂ ಅಲ್ಲ. ಜೆ.ಪಿ. ನಗರದ ಏಳನೆಯ ಹಂತದಲ್ಲಿ ಪುಟ್ಟೇನಹಳ್ಳಿಯ ಕೆರೆ ಕಸದ ಗುಂಡಿಯಾಗುತ್ತಿದ್ದುದನ್ನು ಸುತ್ತಲಿನ ನಿವಾಸಿಗಳೇ ಸೇರಿ ಅಧಿಕಾರಿಗಳ ಬೆನ್ನು ಬಿದ್ದು ಬದುಕಿಸಿಕೊಂಡರು. ಅಲ್ಲಿಗೆ ಇಂದು ಹಕ್ಕಿಗಳು ಬರುತ್ತವೆ. ಹಕ್ಕಿಗಳಿಗಾಗಿ ಮಾಡಿದುದನ್ನು ಹುಡುಗರಿಗಾಗಿ ಮಾಡಬಾರದೆ? ಬ್ಲಾಕಿಗೆ ಒಂದೊಂದು ಒಳಬೀದಿಯನ್ನು ಸಂಜೆ ಐದರಿಂದ ಏಳರವರೆಗೆ ವಾಹನಕ್ಕೆ ಮುಚ್ಚುವುದಕ್ಕೆ ಎರಡು ಬೊಂಬು, ಒಂದು ಹಗ್ಗ, ಪೊಲೀಸರ ಒಂದು ಅನುಮತಿ ಸಾಕು. ಕಾಲುದಾರಿಯ ಮೇಲಿನ ಹೂಕುಂಡವನ್ನು ಒಳಗಿಟ್ಟುಕೊಳ್ಳುವುದಕ್ಕೆ ಅನುಮತಿಯೂ ಬೇಡ. ಹತ್ತಿರದ ಶಾಲೆಗೆ ನಾಲ್ಕು ಮನೆಯವರು ಒಟ್ಟಿಗೆ ಮಕ್ಕಳನ್ನು ಸೇರಿಸಿದರೆ ಆ ಮಕ್ಕಳು ಮರುದಿನದಿಂದಲೇ ಒಟ್ಟಿಗೆ ನಡೆಯುತ್ತಾರೆ. ಗೋಡೆಯೊಳಗೆ ಆಗಲೇ ಮನೆ ಕೊಂಡವರು ಮನೆ ಮಾರಬೇಕಾಗಿಲ್ಲ. ಸಂಘದ ಸಭೆಯಲ್ಲಿ ಎದ್ದುನಿಂತು ಕೆಲಸದಾಕೆಯ ಮಗಳಿಗೂ ಉಯ್ಯಾಲೆಯುಂಟೆಂದು ಒಂದು ನಿರ್ಣಯ ಮಾಡಿಸಿದರೆ ಗೋಡೆಗೆ ಒಂದು ಬಾಗಿಲು ಬಿದ್ದಂತಾಯಿತು. ಜಿಲ್ಲೆಯ ಊರುಗಳಲ್ಲಿ ಸೈಟು ಕೊಳ್ಳಹೊರಟವರೂ ನೀರು, ಖಾತೆ, ವಾಸ್ತುಗಳನ್ನು ವಿಚಾರಿಸಿದ ಮೇಲೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗ ನೆಲದ ಮೇಲೆ ಎಲ್ಲಿದೆಯೆಂದು ಒಮ್ಮೆ ಹೋಗಿ ನಿಂತು ನೋಡತಕ್ಕದ್ದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದೇ ಮಹಾನಗರಪಾಲಿಕೆಯ ಬದಲಿಗೆ ಐದು ಪಾಲಿಕೆಗಳು ಏರ್ಪಟ್ಟಿವೆ. ಕಚೇರಿಗಳ ಹೆಸರುಫಲಕಗಳೆಲ್ಲ ಬದಲಾಗಬೇಕಾಗಿ ಬಂದಿದೆ. ಇದೇ ಸಂದರ್ಭದಲ್ಲಿ ಪಾರ್ಕುಗಳ ‘ಚೆಂಡಾಟವಾಡಬಾರದು’ ಎಂಬ ಫಲಕಗಳನ್ನೂ ಇಳಿಸಬಹುದು. ಒಂದಕ್ಕೆ ನಾಲ್ಕು ತಿರುಪು. ಒಬ್ಬ ಮಾಲಿಗೆ ಅರ್ಧ ಗಂಟೆಯ ಕೆಲಸ. ಏಪ್ರಿಲಿನಲ್ಲಿ ಶಾಲೆಗಳಿಗೆ ರಜೆ ಬರುತ್ತದೆ.